ದಾರದ ರೀಲು ಯಾವ ಕಡೆಗೆ ಉರುಳುತ್ತದೆ?

ಮೇಜಿನ ಮೇಲೆ ದಾರ ಸುತ್ತಿದ ದೊಡ್ಡದೊಂದು ಮರದ ರೀಲು ಇತ್ತು. ದಾರವು ಒಳಗಿನ ದಿಂಡಿನ ಅಡಿಭಾಗದಿಂದ ಹೊರಬಂದಿತ್ತು. ಅದರ ತುದಿಯನ್ನು ಹಿಡಿದು ನಿಂತ ಪ್ರಾಧ್ಯಾಪಕರು, ತಾವು ಎಳೆದರೆ ರೀಲು ತಮ್ಮ ಕಡೆಗೆ ಉರುಳುತ್ತದೆಯೋ ದೂರಕ್ಕೆ ಉರುಳುತ್ತದೆಯೋ ಎಂದು ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದ ಸಭಾಂಗಣವನ್ನು ಕೇಳಿದರು. ಜರ್ಮನಿಯ ಗೊಟ್ಟಿಂಗನ್ ವಿಶ್ವವಿದ್ಯಾಲಯದಲ್ಲಿ ಮೊದಲ ಸೆಮಿಸ್ಟರಿನ ಮೆಕ್ಯಾನಿಕ್ಸ್ (ಬಲ ಮತ್ತು ಚಲನೆಯ ಶಾಸ್ತ್ರ) ತರಗತಿ ಅದು. ನಾನು ಅಲ್ಲಿ ವಿದ್ಯಾರ್ಥಿಯಾಗಿ ಕುಳಿತಿರಲಿಲ್ಲ, ಎಂ.ಎಸ್ಸಿ. ಓದುತ್ತಲೇ ಆ ತರಗತಿಯ ಒಂದು ಅಭ್ಯಾಸ ಗುಂಪನ್ನು ನಡೆಸುವ ಅರೆಕಾಲಿಕ ಕೆಲಸಕ್ಕೆ ಸೇರಿಕೊಂಡಿದ್ದೆ. ಹಾಸನ ಜಿಲ್ಲೆಯ ಒಂದು ಕಾಲೇಜಿನಲ್ಲಿ ಪಿಸಿಎಂ ಓದಿ, ಮೊದಲ ದರ್ಜೆಯಲ್ಲಿ ಬಿ.ಎಸ್ಸಿ. ಮುಗಿಸಿದ್ದ ನಾನು, ದಾರ ಬಿಚ್ಚಿಕೊಳ್ಳಬೇಕಾದ್ದರಿಂದ ರೀಲು ದೂರಕ್ಕೇ ಹೋಗುತ್ತದೆ ಎಂದು ಮನಸ್ಸಿನಲ್ಲಿ ತೀರ್ಮಾನಿಸಿ ಆಗಿತ್ತು. ದಾರವನ್ನು ಮೇಜಿಗೆ ಸಮಾನಾಂತರವಾಗಿ ಹಿಡಿದು ಎಳೆದಾಗ ರೀಲು ಸಾಕಿದ ನಾಯಿಯಂತೆ ಅವರ ಬಳಿಗೆ ಉರುಳಿ ಬಂತು. ದಾರವನ್ನು ಕಡಿದಾಗಿ ಮೇಲಕ್ಕೆತ್ತಿ ಎಳೆದಾಗ ದೂರ ಸರಿಯಿತು. ಇವೆರಡರ ನಡುವಿನ ಒಂದು ಕೋನದಲ್ಲಿ ಯಾವ ಕಡೆಗೂ ಉರುಳದೆ ನಿಂತಿತು. ಇನ್ನೂ ಜೋರಾಗಿ ಎಳೆದಾಗ ಉರುಳದೆಯೇ ಜಾರಿತು. ಹೇಳಿದ ಮಾತು ಕೇಳುವ ರೀಲು ಎಂಬರ್ಥದ ಹೆಸರೊಂದು ಜರ್ಮನ್ ಭಾಷೆಯಲ್ಲಿ ಈ ಪ್ರಯೋಗಕ್ಕಿದೆ.

ಇದರ ಹಿಂದಿರುವ ಗಣಿತ ಪಿಯುಸಿ ಮಟ್ಟದ್ದು. ರೀಲು ಮೇಜನ್ನು ಮುಟ್ಟುವ ಬಿಂದುವನ್ನು ಆಧಾರವಾಗಿಟ್ಟುಕೊಂಡು ನೋಡಿದರೆ, ಘರ್ಷಣೆಯೂ ರೀಲಿನ ತೂಕವೂ ಆ ಬಿಂದುವಿನ ಮೂಲಕವೇ ಹಾಯುವುದರಿಂದ ಅವುಗಳ ತಿರುಗುಬಲ ಸೊನ್ನೆಯಾಗುತ್ತದೆ. ಉಳಿಯುವುದು ದಾರದ ಸೆಳೆತವೊಂದೇ. ದಾರದ ರೇಖೆಯನ್ನು ಕೆಳಕ್ಕೆ ಬೆಳೆಸಿದಾಗ ಅದು ಮೇಜನ್ನು ಆ ಬಿಂದುವಿನ ಆಚೆ ಮುಟ್ಟಿದರೆ ರೀಲು ಎಳೆಯುವವರ ಕಡೆಗೆ ಬರುತ್ತದೆ, ಈಚೆ ಮುಟ್ಟಿದರೆ ದೂರ ಹೋಗುತ್ತದೆ, ಸರಿಯಾಗಿ ಅದೇ ಬಿಂದುವನ್ನು ಹಾಯ್ದರೆ ಉರುಳುವುದಿಲ್ಲ. ಹಾಗೆ ಹಾಯುವಾಗ ದಾರ ಮೇಜಿನೊಂದಿಗೆ ಮಾಡುವ ಕೋನದ ಕೊಸೈನು ಒಳಗಿನ ತ್ರಿಜ್ಯಕ್ಕೂ ಹೊರಗಿನ ತ್ರಿಜ್ಯಕ್ಕೂ ಇರುವ ಅನುಪಾತಕ್ಕೆ ಸಮ. ಘನ ಸಿಲಿಂಡರಿನ ಜಡತ್ವ ಭ್ರಾಮಕವನ್ನು (ತಿರುಗಿಸಲು ಹೋದಾಗ ವಸ್ತು ಒಡ್ಡುವ ಪ್ರತಿರೋಧದ ಅಳತೆಯನ್ನು) ಯಾವ ಅಕ್ಷದ ಸುತ್ತ ಕೇಳಿದರೂ ನಾನು ಐದೇ ನಿಮಿಷದಲ್ಲಿ ನಿರೂಪಿಸಿ, ಚಿತ್ರ ಬರೆದು, ಉತ್ತರದ ಸುತ್ತ ಚೌಕ ಹಾಕಿ ಕೊಡಬಲ್ಲವನಾಗಿದ್ದೆ. ಆದರೆ ಅಂಥ ಒಂದು ಸಿಲಿಂಡರು ಎದುರಿಗಿದ್ದು ದಾರ ಎಳೆದರೆ ಏನಾಗುತ್ತದೆಂದು ಮೂರು ವರ್ಷಗಳಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ನಮ್ಮ ಕಾಲೇಜಿನ ಅಧ್ಯಾಪಕರನ್ನು ನಾನು ಇಲ್ಲಿ ದೂರುತ್ತಿಲ್ಲ. ಅವರಲ್ಲಿ ಇಬ್ಬರು ನಾನು ಜರ್ಮನಿಯಲ್ಲಿ ಕಂಡ ಯಾವ ಉಪನ್ಯಾಸಕರಿಗೂ ಕಡಿಮೆಯಿಲ್ಲದಂತೆ ಕಪ್ಪುಹಲಗೆಯ ಮೇಲೆ ಪಾಠ ಮಾಡುತ್ತಿದ್ದರು. ವಿಷಯಗಳಲ್ಲಿಯೂ ಹೆಚ್ಚಿನ ವ್ಯತ್ಯಾಸವಿಲ್ಲ. ನ್ಯೂಟನ್ನನ ನಿಯಮಗಳು, ಸಂವೇಗ ಮತ್ತು ಶಕ್ತಿಯ ಸಂರಕ್ಷಣೆ, ಡಿಕ್ಕಿಗಳು, ದೃಢಕಾಯಗಳ ಭ್ರಮಣ, ಗುರುತ್ವ ಮತ್ತು ಕೆಪ್ಲರನ ನಿಯಮಗಳು, ಆಂದೋಲನಗಳು, ಇಷ್ಟೂ ಎರಡೂ ಕಡೆ ಮೊದಲ ವರ್ಷದಲ್ಲಿಯೇ ಬರುತ್ತವೆ. ಕರ್ನಾಟಕದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿಯ ಮಾದರಿ 2024ರಲ್ಲಿ ಹಿಂದಕ್ಕೆ ಸರಿದು ಮತ್ತೆ ಮೂರು ವರ್ಷದ್ದಾದಾಗ ಪಠ್ಯದ ಘಟಕಗಳು ಅತ್ತಿತ್ತ ಸರಿದಾಡಿರಬಹುದು, ಆದರೆ ನನ್ನ ಮಾತು ಘಟಕಗಳ ಬಗ್ಗೆ ಅಲ್ಲ. ವಿದ್ಯಾರ್ಥಿಯೊಬ್ಬ ತಾನು ಹಿಂದೆಂದೂ ನೋಡಿರದ ಒಂದು ಲೆಕ್ಕದ ಮುಂದೆ ವಾರಕ್ಕೆ ಎಷ್ಟು ಹೊತ್ತು ಒಬ್ಬನೇ ಕುಳಿತು ತಪ್ಪು ಮಾಡುತ್ತಾನೆ ಎಂಬುದಷ್ಟೇ ನನ್ನ ಪ್ರಶ್ನೆ. ನನ್ನ ಬಿ.ಎಸ್ಸಿ.ಯಲ್ಲಿ ಅದಕ್ಕೆ ಉತ್ತರ ಬಹುಮಟ್ಟಿಗೆ ಸೊನ್ನೆ. ತರಗತಿಯಲ್ಲಿ ಡೆರಿವೇಶನ್ ಬರೆದುಕೊಳ್ಳುವುದು, ಹಳೆಯ ಪ್ರಶ್ನೆಪತ್ರಿಕೆಗಳಿಂದ ಇಂಪಾರ್ಟೆಂಟ್ ಪ್ರಶ್ನೆಗಳನ್ನು ಆರಿಸಿಕೊಳ್ಳುವುದು, ಪರೀಕ್ಷೆಗೆ ಹದಿನೈದು ದಿನ ಇರುವಾಗ ಅವನ್ನು ಬಾಯಿಪಾಠ ಮಾಡುವುದು, ಇದು ನಡೆದುಬಂದ ಕ್ರಮ. ಆಂತರಿಕ ಅಂಕಗಳಿಗಾಗಿ ಅಸೈನ್‌ಮೆಂಟ್ ಇತ್ತು ನಿಜ. ಒಬ್ಬ ಬರೆದದ್ದನ್ನು ಮೂವತ್ತು ಮಂದಿ ನೀಲಿ ಮತ್ತು ಕಪ್ಪು ಪೆನ್ನಿನಲ್ಲಿ ಚಂದವಾಗಿ ನಕಲು ಮಾಡಿ ಒಪ್ಪಿಸುತ್ತಿದ್ದೆವು. ಸ್ವಂತ ತಲೆಯಿಂದ ಒಂದು ಲೆಕ್ಕವನ್ನು ಮೊದಲ ಬಾರಿಗೆ ಎದುರಿಸುತ್ತಿದ್ದುದು ಪರೀಕ್ಷೆಯ ಕೊಠಡಿಯಲ್ಲಿ. ಅಲ್ಲಿ ತಪ್ಪಿದರೆ ಅಂಕ ಹೋಗುತ್ತಿತ್ತು, ಏಕೆ ತಪ್ಪಾಯಿತೆಂಬುದು ಮಾತ್ರ ಎಂದಿಗೂ ತಿಳಿಯುತ್ತಿರಲಿಲ್ಲ.

ಜರ್ಮನಿಯಲ್ಲಿ ಉಪನ್ಯಾಸದಷ್ಟೇ ತೂಕ ಯೂಬುಂಗ್ ಎಂದು ಕರೆಯುವ ಅಭ್ಯಾಸದ ತರಗತಿಗೆ ಇದೆ. ವಾರಕ್ಕೊಂದು ಹಾಳೆ ಬರುತ್ತದೆ, ಅದರಲ್ಲಿ ನಾಲ್ಕೈದು ಲೆಕ್ಕಗಳಿರುತ್ತವೆ. ಇಬ್ಬರು ಅಥವಾ ಮೂವರು ಸೇರಿ ಬಿಡಿಸಿ ಒಂದು ವಾರದಲ್ಲಿ ಒಪ್ಪಿಸಬೇಕು. ಟ್ಯೂಟರ್ ಅವನ್ನು ಸಾಲು ಸಾಲಾಗಿ ತಿದ್ದಿ ಅಂಕ ಹಾಕುತ್ತಾನೆ. ನಂತರದ ಗುಂಪಿನ ತರಗತಿಯಲ್ಲಿ ವಿದ್ಯಾರ್ಥಿಗಳೇ ಹಲಗೆಯ ಬಳಿಗೆ ಬಂದು ತಮ್ಮ ಉತ್ತರವನ್ನು ವಿವರಿಸುತ್ತಾರೆ. ಸೆಮಿಸ್ಟರಿನ ಕೊನೆಯಲ್ಲಿ ಈ ಹಾಳೆಗಳ ಒಟ್ಟು ಅಂಕದಲ್ಲಿ ಸಾಮಾನ್ಯವಾಗಿ ಅರ್ಧದಷ್ಟನ್ನಾದರೂ ಗಳಿಸಿರದವರಿಗೆ ಪರೀಕ್ಷೆ ಬರೆಯಲು ಅವಕಾಶವಿಲ್ಲ. ಆದರೆ ಹೆಚ್ಚಿನ ಕಡೆ ಆ ಅಂಕಗಳು ಅಂತಿಮ ದರ್ಜೆಗೆ ಸೇರುವುದೂ ಇಲ್ಲ. ಈ ಏರ್ಪಾಟಿನ ಜಾಣತನ ನನಗೆ ತಡವಾಗಿ ಅರ್ಥವಾಯಿತು: ಹಾಳೆಯನ್ನು ಬಿಡಿಸದೆ ಮುಂದಕ್ಕೆ ಹೋಗುವಂತಿಲ್ಲ, ಬಿಡಿಸುವಾಗ ಅರ್ಧ ತಪ್ಪಿದರೂ ನಷ್ಟವಿಲ್ಲ.

ನನ್ನ ಗುಂಪಿನ ಮೂರನೆಯ ವಾರದಲ್ಲಿ ಒಬ್ಬ ಹುಡುಗ, ಇಳಿಜಾರಿನಲ್ಲಿ ಜಾರದೆ ಉರುಳುವ ಸಿಲಿಂಡರಿನ ಮೇಲೆ ಘರ್ಷಣೆಯ ಬಾಣವನ್ನು ಕೆಳಮುಖವಾಗಿ ಬರೆದ. ಚಕ್ರ ಮುಂದಕ್ಕೆ ಹೋಗುವುದೇ ಘರ್ಷಣೆ ತಳ್ಳುವುದರಿಂದ ಎಂಬುದು ಅವನ ವಾದ, ಅದನ್ನು ಅವನು ಸೈಕಲಿನ ಹಿಂದಿನ ಚಕ್ರದಿಂದ ತಂದಿದ್ದ. ನಾನು ಬಾಯಿ ತೆರೆಯುವ ಮೊದಲೇ ಇನ್ನೊಬ್ಬಳು ಎದ್ದು, ಹಾಗಾದರೆ ನಿನ್ನ ಸಿಲಿಂಡರು ಘರ್ಷಣೆಯಿಲ್ಲದ ಪೆಟ್ಟಿಗೆಗಿಂತ ವೇಗವಾಗಿ ಇಳಿಯಬೇಕಲ್ಲ ಎಂದಳು. ಸೈಕಲಿನಲ್ಲಿ ಪೆಡಲು ಚಕ್ರವನ್ನು ತಿರುಗಿಸುತ್ತದೆ, ಇಲ್ಲಿ ತಿರುಗಿಸಬೇಕಾದದ್ದೇ ಘರ್ಷಣೆ, ಆದ್ದರಿಂದ ಅದು ಇಳಿಜಾರಿನಲ್ಲಿ ಮೇಲ್ಮುಖವಾಗಿರಬೇಕು ಎಂಬಲ್ಲಿಗೆ ಅವರಿಬ್ಬರೂ ಬಂದು ಮುಟ್ಟಲು ಇಪ್ಪತ್ತು ನಿಮಿಷ ಹಿಡಿಯಿತು. ಸಿಲಿಂಡರಿನ ವೇಗೋತ್ಕರ್ಷ ಘರ್ಷಣೆಯಿಲ್ಲದೆ ಜಾರುವ ಪೆಟ್ಟಿಗೆಯ ವೇಗೋತ್ಕರ್ಷದ ಮೂರರಲ್ಲಿ ಎರಡು ಭಾಗ ಎಂಬ ಉತ್ತರವನ್ನು ನಾನು ನಿದ್ದೆಯಲ್ಲಿಯೂ ಹೇಳಬಲ್ಲವನಾಗಿದ್ದೆ. ಸೈಕಲಿಗೂ ಸಿಲಿಂಡರಿಗೂ ಬಾಣ ಏಕೆ ಬೇರೆ ಎಂದು ಯೋಚಿಸಿದ್ದು ಮಾತ್ರ ಆ ಹುಡುಗ ತಪ್ಪು ಬರೆದ ದಿನ. ಅವನು ಕಳೆದುಕೊಂಡದ್ದು ಎರಡು ಅಂಕ.

ಅವರು ಅಷ್ಟು ಹೊತ್ತು ವಾದಿಸಲು ಸಾಧ್ಯವಾದದ್ದಕ್ಕೆ ಇನ್ನೊಂದು ಕಾರಣವಿತ್ತು, ಅದನ್ನು ಹೇಳದಿದ್ದರೆ ಹೋಲಿಕೆ ಪೂರ್ತಿಯಾಗುವುದಿಲ್ಲ. ಅವರು ವಾದಿಸಿದ್ದು ಮನೆಯ ಭಾಷೆಯಲ್ಲಿ. ಜಡತ್ವಕ್ಕೆ ಜರ್ಮನ್ನಿನಲ್ಲಿರುವ ಶಬ್ದ ಟ್ರೇಗ್‌ಹೈಟ್. ಬೆಳಿಗ್ಗೆ ಹಾಸಿಗೆ ಬಿಟ್ಟೇಳದ ಮಗನನ್ನು ತಾಯಿ ಬೈಯುವುದೂ ಅದೇ ಮೂಲದ ಶಬ್ದದಿಂದ. ನಮ್ಮ ಜಡತ್ವ ಎಂಬ ಶಬ್ದ ಅದಕ್ಕಿಂತ ಯಾವ ರೀತಿಯಲ್ಲಿ ಕಡಿಮೆ? ಜಡ ಎಂದರೆ ಏನೆಂದು ಕನ್ನಡ ಬಲ್ಲ ಮಗುವಿಗೂ ಗೊತ್ತು. ಬಲ, ಕೆಲಸ, ಸಾಮರ್ಥ್ಯ, ಘರ್ಷಣೆ, ಸಂವೇಗ, ವೇಗೋತ್ಕರ್ಷ ಎಲ್ಲವನ್ನೂ ನಾನು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದ್ದೆ. ಪಿಯುಸಿಯ ಮೊದಲ ದಿನ ಅವೆಲ್ಲವೂ ಒಟ್ಟಿಗೆ ಕೊಠಡಿಯಿಂದ ಹೊರನಡೆದವು. ಇಂಗ್ಲಿಷಿನಲ್ಲಿ ಡೆರಿವೇಶನ್ ಬರೆಯಲು ನಾವು ಬೇಗನೆ ಕಲಿತೆವು, ಏಕೆಂದರೆ ಅದರಲ್ಲಿ ವಾಕ್ಯಗಳು ಕಡಿಮೆ, ಸಮೀಕರಣಗಳೇ ಹೆಚ್ಚು. ಆದರೆ "ಹಾಗಾದರೆ ನಿನ್ನ ಸಿಲಿಂಡರು..." ಎಂದು ಎದ್ದು ನಿಂತು ಕೇಳಲು ಬೇಕಾದ ಇಂಗ್ಲಿಷ್ ನಮ್ಮಲ್ಲಿ ಅರ್ಧದಷ್ಟು ಜನಕ್ಕೆ ಮೂರು ವರ್ಷ ಕಳೆದರೂ ಬರಲಿಲ್ಲ, ಕನ್ನಡದಲ್ಲಿ ಕೇಳಬಹುದೆಂದು ನಮಗೆ ತೋಚಲೂ ಇಲ್ಲ. ಪಠ್ಯ ಇಂಗ್ಲಿಷಿನಲ್ಲಿರಲಿ, ಪರೀಕ್ಷೆಯೂ ಇರಲಿ. ಚರ್ಚೆಯನ್ನು ಕನ್ನಡದಲ್ಲಿ ನಡೆಸಲು ಯಾವ ಸುತ್ತೋಲೆಯೂ ಅಡ್ಡಬಂದಿರಲಿಲ್ಲ.

ಉಪನ್ಯಾಸ ಕೇಳಿದ ಮಾತ್ರಕ್ಕೆ ನ್ಯೂಟನ್ ತಲೆಗೆ ಇಳಿಯುವುದಿಲ್ಲ ಎಂಬುದಕ್ಕೆ ನನ್ನ ಅನುಭವವನ್ನೇ ನಂಬಬೇಕಾಗಿಲ್ಲ. ಅಮೆರಿಕದ ಭೌತವಿಜ್ಞಾನಿ ಡೇವಿಡ್ ಹೆಸ್ಟೆನೆಸ್ ಮತ್ತು ಸಂಗಡಿಗರು 1992ರಲ್ಲಿ ಸುಮಾರು ಮೂವತ್ತು ಪ್ರಶ್ನೆಗಳ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಅದರಲ್ಲಿ ಲೆಕ್ಕ ಮಾಡುವ ಕೆಲಸವೇ ಇಲ್ಲ. ಮೇಲಕ್ಕೆ ಎಸೆದ ಚೆಂಡಿನ ಮೇಲೆ ಯಾವ ಬಲಗಳಿವೆ, ಲಾರಿ ಕಾರಿಗೆ ಡಿಕ್ಕಿ ಹೊಡೆದಾಗ ಯಾವುದರ ಮೇಲೆ ಹೆಚ್ಚು ಬಲ ಬೀಳುತ್ತದೆ ಎಂಬಂಥ ಪ್ರಶ್ನೆಗಳು. ರಿಚರ್ಡ್ ಹೇಕ್ ಎಂಬವರು ಈ ಬಗೆಯ ಪರೀಕ್ಷೆಗಳ ಅಂಕಗಳನ್ನು 62 ಕೋರ್ಸುಗಳ ಆರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿಂದ ಕಲೆಹಾಕಿ 1998ರಲ್ಲಿ ಪ್ರಕಟಿಸಿದರು. ಬರಿಯ ಉಪನ್ಯಾಸದ ಹಳೆಯ ಕ್ರಮದಲ್ಲಿ ನಡೆದ 14 ಕೋರ್ಸುಗಳಲ್ಲಿ ವಿದ್ಯಾರ್ಥಿಗಳು ಕಲಿಯಲು ಬಾಕಿಯಿದ್ದುದರ ಶೇಕಡ 23ರಷ್ಟನ್ನು ಮಾತ್ರ ಕಲಿತಿದ್ದರು. ವಿದ್ಯಾರ್ಥಿಗಳನ್ನು ಮಾತಿಗೆಳೆದು, ಉತ್ತರ ಹೇಳಿಸಿ, ತಿದ್ದಿದ 48 ಕೋರ್ಸುಗಳಲ್ಲಿ ಅದು ಸರಾಸರಿ ಶೇಕಡ 48 ಆಗಿತ್ತು. ಚೆಂಡು ತುತ್ತತುದಿಯಲ್ಲಿರುವಾಗ ಅದರ ವೇಗೋತ್ಕರ್ಷ ಎಷ್ಟು ಎಂದು ಬಿ.ಎಸ್ಸಿ. ಮುಗಿಸಿದ ನನ್ನನ್ನು ಯಾರಾದರೂ ಕೇಳಿದ್ದರೆ, ಒಂದು ಕ್ಷಣ ಸೊನ್ನೆ ಎಂಬ ತಪ್ಪು ಉತ್ತರವೇ ನಾಲಗೆಗೆ ಬರುತ್ತಿತ್ತು.

ಪ್ರಯೋಗಾಲಯದ ಮಾತು ಬೇರೆ. ನಮ್ಮಲ್ಲಿ ಮೊದಲ ಸೆಮಿಸ್ಟರಿನಿಂದಲೇ ವಾರವಾರವೂ ಪ್ರಾಕ್ಟಿಕಲ್ಸ್ ಇತ್ತು, ಗತಿಚಕ್ರದ ಜಡತ್ವ ಭ್ರಾಮಕವನ್ನೂ ತೂಗುಪಟ್ಟಿಯ ಬಾಗುವಿಕೆಯಿಂದ ಯಂಗ್ ಗುಣಾಂಕವನ್ನೂ (ವಸ್ತುವಿನ ಬಿಗಿತದ ಅಳತೆಯನ್ನೂ) ನಾವು ಕೈಯಾರೆ ಅಳೆದಿದ್ದೆವು. ನನ್ನ ಗುಂಪಿನ ಜರ್ಮನ್ ಹುಡುಗರು ಮೊದಲ ಸೆಮಿಸ್ಟರಿನಲ್ಲಿ ಹೆಚ್ಚಾಗಿ ನೋಡುಗರಷ್ಟೇ. ಆದರೆ ಬಾರ್ ಪೆಂಡುಲಮ್ (ತೂಗಾಡುವ ಲೋಹದ ಪಟ್ಟಿ) ಪ್ರಯೋಗವನ್ನು ನೆನೆದರೆ ಈಗಲೂ ನಗು ಬರುತ್ತದೆ. ಇಪ್ಪತ್ತು ಆಂದೋಲನಗಳಿಗೆ ಹಿಡಿಯುವ ಕಾಲವನ್ನು ಸ್ಟಾಪ್‌ವಾಚಿನಲ್ಲಿ ಅಳೆದು, ಗ್ರಾಫ್ ಎಳೆದು, ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯಬೇಕು. ಇಡೀ ಬ್ಯಾಚಿನ ರೆಕಾರ್ಡ್ ಪುಸ್ತಕಗಳಲ್ಲಿ ಉತ್ತರ 9.8 ಎಂದೇ ಇತ್ತು. ಮೂವತ್ತೆರಡು ಸೆಕೆಂಡಿನ ಅಳತೆಯಲ್ಲಿ ಬೆರಳು 0.2 ಸೆಕೆಂಡು ತಡವಾದರೆ ಕಾಲದಲ್ಲಿ ಶೇಕಡ 0.6, ಕಾಲದ ವರ್ಗ ಬರುವುದರಿಂದ ಉತ್ತರದಲ್ಲಿ ಶೇಕಡ 1.2ಕ್ಕೂ ಮೀರಿದ ದೋಷ ಉಂಟಾಗುತ್ತದೆ. ಎಂದರೆ ಪ್ರಾಮಾಣಿಕವಾಗಿ ಅಳೆದವರಿಗೆ 9.7 ಕೂಡ ಬರಬೇಕು, 9.9 ಕೂಡ ಬರಬೇಕು. ನಮ್ಮಲ್ಲಿ ಯಾರಿಗೂ ಬಂದಿರಲಿಲ್ಲ, ಬಂದವರು ವೈವಾದ ಭಯದಿಂದ ಅಳಿಸಿದ್ದರು.

ಗೊಟ್ಟಿಂಗನ್ನಿನ ಪ್ರಯೋಗಾಲಯದಲ್ಲಿ ಉತ್ತರದ ಮುಂದೆ ಹೆಚ್ಚು ಕಡಿಮೆಯ (±) ಚಿಹ್ನೆಯೂ ದೋಷದ ಅಂದಾಜೂ ಇಲ್ಲದ ವರದಿಯನ್ನು ತೆರೆದು ಓದುವುದೇ ಇಲ್ಲ. ಅಲ್ಲಿ ಗುರುತ್ವ ವೇಗೋತ್ಕರ್ಷದ ನಿಜವಾದ ಬೆಲೆ 9.81, ಹಾಸನದ ಸುತ್ತಮುತ್ತ 9.78, ಭೂಮಿ ತಿರುಗುವುದರಿಂದ ಮತ್ತು ಸಮಭಾಜಕದ ಬಳಿ ಅದು ಉಬ್ಬಿರುವುದರಿಂದ ಆಗುವ ವ್ಯತ್ಯಾಸ ಅದು. ನನ್ನ ಊರಿನ ಗುರುತ್ವ ಗೊಟ್ಟಿಂಗನ್ನಿನದಕ್ಕಿಂತ ಕಡಿಮೆ ಎಂಬ ಸಂಗತಿಯನ್ನು ಸ್ಟಾಪ್‌ವಾಚಿನಿಂದ ಇಪ್ಪತ್ತೇ ಆಂದೋಲನಗಳನ್ನು ಅಳೆದು ಕಾಣಲಾಗದು ಎಂದು ಲೆಕ್ಕ ಹಾಕಿ ತೋರಿಸುವುದೇ ಒಳ್ಳೆಯ ಪ್ರಯೋಗವಾಗುತ್ತಿತ್ತು.

ಜರ್ಮನ್ ಕ್ರಮವನ್ನು ಹೊಗಳಿಯೇ ನಿಲ್ಲಿಸಿದರೆ ಹೊರನಾಡಿಗೆ ಬಂದವರ ಹಳೆಯ ಚಾಳಿಯಾದೀತು. ಮೊದಲ ವಾರದಲ್ಲಿಯೇ ಅವಕಲ ಸಮೀಕರಣಗಳನ್ನು (ಡಿಫರೆನ್ಶಿಯಲ್ ಈಕ್ವೇಶನ್) ಬಳಸುತ್ತಾರೆ, ಗಣಿತದ ತರಗತಿ ಅಲ್ಲಿಗೆ ಬರುವುದು ತಿಂಗಳುಗಳ ನಂತರ. ಕ್ರಿಸ್ಮಸ್ ಕಳೆದ ಮೇಲೆ ನನ್ನ ಗುಂಪಿನ ಕುರ್ಚಿಗಳು ಕಾಣುವಂತೆ ಖಾಲಿಯಾಗಿದ್ದವು, ಹೋದವರನ್ನು ಯಾರೂ ಕರೆದು ವಿಚಾರಿಸಲಿಲ್ಲ. ನಮ್ಮ ಕಾಲೇಜಿನಲ್ಲಿ ಮೂರು ದಿನ ಬಾರದಿದ್ದರೆ ಅಧ್ಯಾಪಕರು ಮನೆಗೆ ಫೋನು ಮಾಡುತ್ತಿದ್ದರು. ಹಾಳೆಗಳನ್ನು ನಕಲು ಮಾಡುವುದು ಅಲ್ಲಿಯೂ ಧಾರಾಳವಾಗಿದೆ. ಹಲಗೆಯ ಬಳಿಗೆ ಕರೆದಾಗ ಅದು ಗೊತ್ತಾಗುತ್ತದೆ ಎಂಬುದಷ್ಟೇ ಭೇದ. ತೋರಿಸುವ ಪ್ರಯೋಗಗಳ ವಿಷಯದಲ್ಲಿ ಆ ಊರಿಗೆ ದೊಡ್ಡ ಪರಂಪರೆಯಿದೆ. ಹದಿನೆಂಟನೆಯ ಶತಮಾನದಲ್ಲಿ ಲಿಖ್ಟೆನ್‌ಬರ್ಗ್ ಎಂಬ ಪ್ರಾಧ್ಯಾಪಕರು ತರಗತಿಯಲ್ಲಿ ತೋರಿಸುವ ಪ್ರಯೋಗಗಳಿಗೆ ಹೆಸರಾಗಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ರಾಬರ್ಟ್ ಪೋಲ್ ಉಪಕರಣಗಳ ನೆರಳನ್ನು ಗೋಡೆಯ ಮೇಲೆ ದೊಡ್ಡದಾಗಿ ಬೀಳಿಸಿ ಪಾಠ ಮಾಡುತ್ತಿದ್ದರು, ಅನುರಣನವನ್ನು (ರೆಸೊನೆನ್ಸ್) ತೋರಿಸಲು ಅವರ ಹೆಸರಿನ ತಿರುಗುಲೋಲಕ ಇಂದಿಗೂ ಬಳಕೆಯಲ್ಲಿದೆ. ಪ್ರಯೋಗ ಮುಗಿದಾಗ ವಿದ್ಯಾರ್ಥಿಗಳು ಬೆಂಚನ್ನು ಗೆಣ್ಣಿನಿಂದ ಬಡಿದು ಮೆಚ್ಚುಗೆ ಸೂಚಿಸುತ್ತಾರೆ. ನನಗೇನೋ ಅದು ಜಾದೂ ನೋಡಿದವರ ಚಪ್ಪಾಳೆಯಂತೆಯೇ ಕೇಳಿಸುತ್ತಿತ್ತು. ರೀಲು ಉರುಳಿದ ದಿನ ಬೆಂಚು ಬಡಿದವರಲ್ಲಿ ಎಷ್ಟೋ ಮಂದಿಗೆ, ಅದೇ ರೀಲು ಮುಂದಿನ ಹಾಳೆಯಲ್ಲಿ ಲೆಕ್ಕವಾಗಿ ಬಂದಾಗ ಬಾಣ ಎಲ್ಲಿ ಬರೆಯಬೇಕೆಂದು ತಿಳಿದಿರಲಿಲ್ಲ.

ಆದ್ದರಿಂದ ನಮ್ಮ ಕಾಲೇಜುಗಳು ಅಲ್ಲಿಂದ ಏನನ್ನಾದರೂ ತರುವುದಿದ್ದರೆ ಸಭಾಂಗಣ, ಪ್ರದರ್ಶನದ ಉಪಕರಣ, ಪ್ರೊಜೆಕ್ಟರುಗಳನ್ನು ಬಿಟ್ಟು ಆ ಹಾಳೆಯೊಂದನ್ನು ತರಲಿ ಎಂದು ನನಗನ್ನಿಸುತ್ತದೆ. ತಿದ್ದುವವರು ಯಾರು ಎಂಬ ಪ್ರಶ್ನೆ ಬರುವುದು ಸಹಜ. ಸರ್ಕಾರಿ ಕಾಲೇಜುಗಳಲ್ಲಿ ಪಾಠದ ಹೊರೆಯ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ, ಅವರ ಮೇಲೆ ಇದನ್ನೂ ಹೇರುವುದು ಅನ್ಯಾಯ. ಆದರೆ ಜರ್ಮನಿಯಲ್ಲಿಯೂ ತಿದ್ದುವವರು ಪ್ರಾಧ್ಯಾಪಕರಲ್ಲ, ನನ್ನಂಥ ಹಿರಿಯ ವಿದ್ಯಾರ್ಥಿಗಳು. ಒಂದು ಹಾಳೆಯನ್ನು ತಿದ್ದಲು ನನಗೆ ಹನ್ನೆರಡು ನಿಮಿಷ ಬೇಕಾಗುತ್ತಿತ್ತು. ಅರವತ್ತು ಮಂದಿಯ ತರಗತಿಯಲ್ಲಿ ಇಬ್ಬಿಬ್ಬರು ಸೇರಿ ಬರೆದರೆ ಮೂವತ್ತು ಹಾಳೆ, ವಾರಕ್ಕೆ ಆರು ಗಂಟೆಯ ಕೆಲಸ. ಎಂ.ಎಸ್ಸಿ. ಇರುವ ಕಾಲೇಜಿನಲ್ಲಿ ಇಬ್ಬರು ವಿದ್ಯಾರ್ಥಿಗಳು, ಇಲ್ಲದ ಕಡೆ ಅಂತಿಮ ವರ್ಷದ ಬಿ.ಎಸ್ಸಿ.ಯ ಮೂವರು, ಅಲ್ಪ ಗೌರವಧನಕ್ಕೆ ಇದನ್ನು ಮಾಡಬಲ್ಲರು, ತಿದ್ದುವಾಗ ಅವರು ಕಲಿಯುವುದು ಬರೆದವರಿಗಿಂತ ಹೆಚ್ಚು. ಮೊದಲ ಹಾಳೆಯ ಮೊದಲ ಲೆಕ್ಕಕ್ಕೆ ದರ್ಜಿಯ ಅಂಗಡಿಯ ಖಾಲಿಯಾಗುತ್ತಾ ಬಂದ ರೀಲೊಂದು ಸಾಕು.