ಒಂದು ಕಾಫಿಗೆ ಹತ್ತು ಅಂಕಿ

ನಮ್ಮ ಬಡಾವಣೆಯ ಮೂಲೆಯಲ್ಲಿ, ಊರೆಲ್ಲ ಶಾಖೆಗಳಿರುವ ಕಾಫಿ ಅಂಗಡಿಯೊಂದಿದೆ. ಅವರಿಗೆ ನನ್ನ ಮೇಲಿರುವ ಅಕ್ಕರೆಯನ್ನು ನೆನೆದರೆ ಕಣ್ಣು ತುಂಬಿ ಬರುತ್ತದೆ. ಮೂವತ್ತು ವರ್ಷಗಳಿಂದ ನಾನು ನಿಂತು ಕಾಫಿ ಕುಡಿಯುವ ದರ್ಶಿನಿಯ ಯಜಮಾನರಿಗೆ ನನ್ನ ಹೆಸರು ಇಂದಿಗೂ ಗೊತ್ತಿಲ್ಲ. ಚಿಲ್ಲರೆ ಕೊಡದ ದಿನ ಮುಖ ಗಂಟಿಕ್ಕುವುದಷ್ಟೇ ನಮ್ಮಿಬ್ಬರ ಬಾಂಧವ್ಯ. ಈ ಅಂಗಡಿಯವರಾದರೋ, ನಾನು ಒಳಗೆ ಕಾಲಿಟ್ಟು ಅರ್ಧ ನಿಮಿಷವಾಗುವುದರೊಳಗೆ ಹೆಸರು, ಮೊಬೈಲ್ ನಂಬರು, ಹುಟ್ಟಿದ ದಿನ ಎಲ್ಲವನ್ನೂ ವಿಚಾರಿಸಿಕೊಳ್ಳುತ್ತಾರೆ. ಹೆಣ್ಣು ನೋಡಲು ಹೋದಾಗ ಮಾವನವರೂ ನನ್ನನ್ನು ಇಷ್ಟು ಕೇಳಿರಲಿಲ್ಲ. ಗೋತ್ರ, ನಕ್ಷತ್ರಗಳನ್ನು ಬಹುಶಃ ಮುಂದಿನ ಅಪ್‌ಡೇಟ್‌ಗೆ ಇಟ್ಟುಕೊಂಡಿದ್ದಾರೆ.

ಕಳೆದ ಶನಿವಾರ ಸರದಿಯಲ್ಲಿ ನನ್ನ ಮುಂದಿದ್ದ ಹಿರಿಯರೊಬ್ಬರು ಅಂಗಿಯ ಜೇಬಿನಿಂದ ನೂರರ ಮೂರು ನೋಟುಗಳನ್ನು ತೆಗೆದು, ಮಡಿಕೆ ಬಿಡಿಸಿ, "ಒಂದು ಕಾಫಿ ಕೊಡಪ್ಪ" ಎಂದರು.

"ನಂಬರ್ ಹೇಳಿ ಅಂಕಲ್."

"ಯಾವ ನಂಬರು? ಟೋಕನ್ ನೀನೇ ಅಲ್ವಾ ಕೊಡೋದು?"

ಮೊಬೈಲ್ ನಂಬರೆಂದು ತಿಳಿದ ಮೇಲೆ, ತಮ್ಮಲ್ಲಿ ಮೊಬೈಲ್ ಇಲ್ಲವೆಂದು ಅವರು ಮನೆಯ ದೂರವಾಣಿಯ ಎಂಟು ಅಂಕಿಗಳನ್ನು ಒಂದೊಂದಾಗಿ, ಬ್ಯಾಂಕಿನಲ್ಲಿ ಹೇಳುವಂತೆ, ಬಿಡಿಸಿ ಹೇಳಿದರು. ಯಂತ್ರ ಒಪ್ಪಲಿಲ್ಲ, ಅದಕ್ಕೆ ಇನ್ನೂ ಎರಡು ಅಂಕಿ ಬೇಕಿತ್ತು. "ಸಿಸ್ಟಮ್ ಮುಂದಕ್ಕೆ ಹೋಗ್ತಿಲ್ಲ ಅಂಕಲ್" ಎಂದು ಹುಡುಗ ಬೆವರತೊಡಗಿದ. ಕಾಸು ಮೇಜಿನ ಮೇಲಿತ್ತು, ಕಾಫಿ ಯಂತ್ರದೊಳಗಿತ್ತು, ನಡುವೆ ಎರಡು ಅಂಕಿಗಳ ಕೊರತೆಯಿಂದ ವ್ಯಾಪಾರ ನಿಂತಿತ್ತು. ಕೊನೆಗೆ ನನ್ನ ನಂಬರನ್ನೇ ಕೊಟ್ಟೆ. ಅವರು ಕುಡಿದ ಕಾಫಿಯ ಪುಣ್ಯವೆಲ್ಲ ಈಗ ಪಾಯಿಂಟುಗಳಾಗಿ ನನ್ನ ಖಾತೆಯಲ್ಲಿದೆ.

ಹೆಸರಿನ ಕಥೆ ಬೇರೆಯೇ ಇದೆ. ಲೋಟದ ಮೇಲೆ ಗಿರಾಕಿಯ ಹೆಸರು ಬರೆದು, ಕಾಫಿ ಸಿದ್ಧವಾದಾಗ ಕೂಗುವುದು ಈ ಅಂಗಡಿಗಳ ಶಿಷ್ಟಾಚಾರ. ನನ್ನ ಹೆಸರಿನ ಮಹಾಪ್ರಾಣ ಪ್ರತಿ ಸಲವೂ ಅಲ್ಲಿ ಪ್ರಾಣ ಬಿಡುವುದನ್ನು ನೋಡಲಾರದೆ, ಒಮ್ಮೆ ತಾತನ ಹೆಸರು ಕೊಟ್ಟೆ: ಹಾಲಪ್ಪ. ಐದು ನಿಮಿಷದ ನಂತರ, ಲ್ಯಾಪ್‌ಟಾಪಿನಲ್ಲಿ ಮುಳುಗಿದ್ದ ಇಡೀ ಸಭೆಯ ಮುಂದೆ, "ಹಾಲಪ್ಪ, ಬ್ಲ್ಯಾಕ್ ಕಾಫಿ!" ಎಂದು ಘೋಷಣೆಯಾಯಿತು. ಲೋಟ ತಿರುಗಿಸಿ ನೋಡಿದರೆ ಅದರ ಮೇಲೆ ‘ಹಲೋ’ ಎಂದು ಬರೆದಿತ್ತು. ಬದುಕಿರುವವರೆಗೂ ಹಿತ್ತಾಳೆ ಲೋಟದಲ್ಲಿ ಬೆಲ್ಲದ ಕಾಫಿ ಕುಡಿದ ತಾತನಿಗೆ, ಮರಣಾನಂತರ ಒಂದು ರಟ್ಟಿನ ಲೋಟ ಸಂದಾಯವಾಯಿತು.

ಗಿರಾಕಿಗಳ ಮೊಬೈಲ್ ನಂಬರಿಗಾಗಿ ಪಟ್ಟು ಹಿಡಿಯಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಿನಲ್ಲೇ ಚಿಲ್ಲರೆ ವ್ಯಾಪಾರಿಗಳಿಗೆ ತಿಳಿಸಿದೆ. ಅದೇ ವರ್ಷ ಆಗಸ್ಟಿನಲ್ಲಿ ಸಂಸತ್ತು ವೈಯಕ್ತಿಕ ದತ್ತಾಂಶ ರಕ್ಷಣೆಗೆಂದೇ ಒಂದು ಕಾಯ್ದೆಯನ್ನೂ ಅಂಗೀಕರಿಸಿತು. ಸಂಸತ್ತು ಮುಂದಕ್ಕೆ ಹೋಗಿದೆ, ಸಿಸ್ಟಮ್ ಮಾತ್ರ ಹೋಗುತ್ತಿಲ್ಲ.

1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇಯ ಮೊದಲ ಮಳಿಗೆ ತೆರೆದಾಗ (ನನ್ನ ದೂರು ಅವರ ಮೇಲಲ್ಲ) ಜನ ಇಂಟರ್‌ನೆಟ್ ನೋಡುವುದಕ್ಕೆಂದು ಕಾಫಿ ಅಂಗಡಿಗೆ ಹೋಗುತ್ತಿದ್ದರು. ಈಗ ಕಾಫಿ ಬೇಕೆಂದರೆ ಇಂಟರ್‌ನೆಟ್ ಬೇಕು, ಕ್ಯೂಆರ್ ಕೋಡ್ ಬೇಕು, ಒಟಿಪಿ ಬೇಕು. ಏಳು ಬೀಜಗಳನ್ನು ಯೆಮನ್‌ನಿಂದ ಬಚ್ಚಿಟ್ಟು ತಂದು ಚಂದ್ರದ್ರೋಣ ಗಿರಿಯಲ್ಲಿ ನೆಟ್ಟರೆಂದು ನಾವು ನಂಬಿರುವ ಬಾಬಾ ಬುಡನ್ ಅವರಿಗೆ ಮೋಕಾ ಬಂದರಿನಲ್ಲಿ ಯಾರಾದರೂ ನಂಬರು ಕೇಳಿದ್ದರೆ, ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟನ್ನು ಬೆಳೆಯುವ ಈ ರಾಜ್ಯ ಇಂದಿಗೂ ರಾಗಿ ಗಂಜಿ ಕುಡಿಯುತ್ತಿತ್ತು. ಅದೂ ಆರೋಗ್ಯಕ್ಕೆ ಒಳ್ಳೆಯದೇ ಎನ್ನಿ.

ಆದರೆ ನಗು ಬರದ ಸಂಗತಿಯೊಂದಿದೆ. ಬಿಲ್ಲು ಕೊಡುವಾಗ ಆ ಹುಡುಗ ದನಿ ತಗ್ಗಿಸಿ, "ಸರ್, ಮೆಸೇಜ್ ಬರುತ್ತೆ, ಹತ್ತಕ್ಕೆ ಹತ್ತು ಕೊಡಿ. ಒಂಬತ್ತು ಕೊಟ್ರೂ ಮ್ಯಾನೇಜರ್ ಕೇಳ್ತಾರೆ" ಎಂದ. ಮೂಡಿಗೆರೆ ಕಡೆಯವನಂತೆ, ಮನೆಯವರು ತೋಟದಲ್ಲಿ ಹಣ್ಣು ಬಿಡಿಸುತ್ತಾರಂತೆ. ಬೆಳಗ್ಗೆ ಏಳರಿಂದ ನಿಂತೇ ಇರುವ ಇಪ್ಪತ್ತರ ಹುಡುಗನೊಬ್ಬ ಅಪರಿಚಿತರ ಮುಂದೆ ಹೀಗೆ ಅಂಕ ಬೇಡಬೇಕಾದ ಏರ್ಪಾಟಿಗೆ ಗ್ರಾಹಕ ಅನುಭವವೆಂದು ಹೆಸರಿಡುವವರಿಗೆ ನಾಚಿಕೆಯಾಗಬೇಕು. ನಂಬರು ಕೇಳುವುದು ಅವನ ಚಪಲವಲ್ಲ. ದಿನಕ್ಕೆ ಇಷ್ಟು ನಂಬರು ತರಬೇಕೆಂದು ಯಾರೋ ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ಬರೆದಿರುತ್ತಾರೆ, ನಾವು ಬಂದು ಅವನ ಮೇಲೆ ರೇಗುತ್ತೇವೆ. ನಾನೂ ಎರಡು ಸಲ ರೇಗಿದ್ದೇನೆ.

ಮಧ್ಯಾಹ್ನ ಊಟ ಮಾಡಿ ಅಡ್ಡಾದಾಗ ಮೆಸೇಜು ಬಂತು. ಸೊನ್ನೆಯಿಂದ ಹತ್ತರವರೆಗೆ ನಿಮ್ಮ ಇಂದಿನ ಅನುಭವಕ್ಕೆ ಎಷ್ಟು ಅಂಕ ಕೊಡುವಿರಿ, ಪ್ರಿಯ ಹಲೋ? ಹತ್ತನ್ನು ಒತ್ತಿದೆ. ಕಾಫಿ ತಣ್ಣಗಿತ್ತು.