ಮೇಲಿನ ಎರಡು ಇಂಚು

ನಮ್ಮ ಮನೆಯ ಅಕ್ವೇರಿಯಂನಲ್ಲಿ ಒಂದೂವರೆ ಅಡಿ ನೀರಿದೆ. ಅದರಲ್ಲಿ ಒಂದು ಅಡಿ ನಾಲ್ಕು ಇಂಚು ಖಾಲಿ ಬಿದ್ದಿದೆ. ಒಂದು ಭಾನುವಾರವಿಡೀ ಕುಳಿತು ತಳದಲ್ಲಿ ಮರಳು, ಕಲ್ಲು, ಕೊರಡುಗಳನ್ನು ಜೋಡಿಸಿದ ಮೇಲೆ ನಾನು ತಂದು ಬಿಟ್ಟದ್ದು ಹಾಫ್‌ಬೀಕ್ ಎಂಬ ಮೀನುಗಳನ್ನು. ಆ ಅಲಂಕಾರದ ಕಡೆಗೆ ಅವು ಇವತ್ತಿನವರೆಗೂ ತಲೆ ಬಗ್ಗಿಸಿ ನೋಡಿಲ್ಲ. ಬೆರಳುದ್ದದ ಕಡ್ಡಿಯಂಥ ಮೈ, ಸೂಜಿಯಂತೆ ಮುಂದಕ್ಕೆ ಚಾಚಿದ ಕೆಳದವಡೆ. ನೀರಿನ ಮೇಲ್ಪದರಕ್ಕೆ ಅಂಟಿಕೊಂಡೇ ಅವುಗಳ ಸಂಸಾರ ಸಾಗುತ್ತದೆ.

ಮುಳುಗಿದ ಆಹಾರವನ್ನು ಅವು ಹಿಂಬಾಲಿಸುವುದಿಲ್ಲ. ನಾನು ಹಾಕಿದ ಕಾಳುಗಳೆಲ್ಲ ತಳ ಸೇರಿ ಕೊಳೆತು ನೀರು ಕದಡಿದಾಗ, ಜೀವಂತ ಆಹಾರವೇ ಮೇಲೆಂದು ಬಕೆಟ್ಟಿನಲ್ಲಿ ಸೊಳ್ಳೆಮರಿ ಬೆಳೆಸತೊಡಗಿದೆ. "ಸೊಳ್ಳೆಪರದೆ ಕಟ್ಟುವವರೂ ನೀವೇ, ಸೊಳ್ಳೆ ಸಾಕುವವರೂ ನೀವೇ" ಎಂದು ಹೆಂಡತಿ ಅಂದದ್ದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾಲ್ಕು ದಿನ ಪರಸ್ಥಳಕ್ಕೆ ಹೋಗಿ ಬರುವಷ್ಟರಲ್ಲಿ ಬಕೆಟ್ಟಿನ ಮರಿಗಳಿಗೆಲ್ಲ ರೆಕ್ಕೆ ಬಂದಿತ್ತು. ಮೀನಿಗೆಂದು ಸಾಕಿದ ಆಹಾರ ಆ ರಾತ್ರಿ ನಮ್ಮನ್ನೇ ಆಹಾರ ಮಾಡಿಕೊಂಡಿತು.

ಎರಡು ಮೀನುಗಳು ದವಡೆಗೆ ದವಡೆ ಸಿಕ್ಕಿಸಿಕೊಂಡು ಬಹಳ ಹೊತ್ತು ಅಲುಗದೆ ನಿಂತಿದ್ದನ್ನು ಕಂಡು, ಇದು ದಾಂಪತ್ಯದ ಒಲವೆಂದು ಬಗೆದು, ಫೋಟೊ ತೆಗೆದು ಬಂಧುಗಳಿಗೆಲ್ಲ ಕಳುಹಿಸಿದ್ದೆ. ಎರಡೂ ಗಂಡು, ನಡೆಯುತ್ತಿದ್ದದ್ದು ಕುಸ್ತಿ, ಥಾಯ್ಲೆಂಡಿನಲ್ಲಿ ಇಂಥ ಕಾಳಗಕ್ಕೆ ಪಣ ಕಟ್ಟುವ ರೂಢಿಯೇ ಇತ್ತು ಎಂಬುದೆಲ್ಲ ತಿಳಿಯುವಷ್ಟರಲ್ಲಿ ಶುಭಾಶಯಗಳು ಬಂದಾಗಿತ್ತು.

ಇಷ್ಟು ಶೂರರಾದರೂ ದೀಪಕ್ಕೆ ಹೆದರುತ್ತವೆ. ಕತ್ತಲಲ್ಲಿ ಥಟ್ಟನೆ ಬೆಳಕು ಹಾಕಿದರೆ ಬೆಚ್ಚಿ ಗಾಜಿಗೆ ಡಿಕ್ಕಿ ಹೊಡೆದು ದವಡೆ ಮುರಿದುಕೊಳ್ಳುತ್ತವೆ. ಅವುಗಳ ದವಡೆ ಉಳಿಸಲು ರಾತ್ರಿ ನೀರು ಕುಡಿಯಲು ಎದ್ದ ನಾನು ಕತ್ತಲಲ್ಲೇ ತಡಕಾಡಿ ಮಂಚದ ಕಾಲಿಗೆ ಬೆರಳು ಜಜ್ಜಿಕೊಳ್ಳುತ್ತೇನೆ. ಮುಚ್ಚಳದಲ್ಲಿ ಫಿಲ್ಟರಿನ ವೈರಿಗೆಂದು ಬಿಟ್ಟ ಎರಡು ಬೆರಳಗಲದ ಸಂದಿಯಿಂದ ಒಂದು ಮೀನು ನನ್ನ ಕಣ್ಣೆದುರೇ ಚಿಮ್ಮಿ ನೆಲಕ್ಕೆ ಬಿತ್ತು. ಕೈ ಒದ್ದೆ ಮಾಡಿಕೊಂಡು ಎತ್ತಹೋದರೆ ಬೆರಳ ಸಂದಿಯಲ್ಲಿ ಜಾರಿ ಸೋಫಾದಡಿ ಸೇರಿ, ಅಲ್ಲಿಂದ ಮೈತುಂಬ ಧೂಳು ಮೆತ್ತಿಕೊಂಡು ಹೊರಬಂತು. ಅದು ಬದುಕಿದೆ, ಸಂದಿಗೆ ಈಗ ಸ್ಪಂಜು ತುರುಕಿದ್ದೇನೆ.

ಗಪ್ಪಿಗಳಂತೆ ಇವೂ ಮೊಟ್ಟೆಯಿಡದೆ ಮರಿ ಹಾಕುವ ಜಾತಿ. ಬಸುರಿಯ ಹೊಟ್ಟೆ ನೋಡಿ ನಾನು ಲೆಕ್ಕ ಹಾಕಿದ್ದ ದಿನಕ್ಕಿಂತ ಎರಡು ದಿನ ಮೊದಲೇ ಹೆರಿಗೆಯಾಯಿತು. ಸುಮಾರು ಒಂದು ಸೆಂಟಿಮೀಟರಿನ ಹನ್ನೊಂದು ಮರಿಗಳು ತೇಲುಗಿಡದ ಬೇರುಗಳ ನಡುವೆ ನಡುಗುತ್ತಿದ್ದವು. ತಾಯಿ ಅವುಗಳನ್ನು ನೋಡುತ್ತಿದ್ದ ರೀತಿಯಲ್ಲಿ ವಾತ್ಸಲ್ಯಕ್ಕಿಂತ ಹಸಿವು ಹೆಚ್ಚಿತ್ತು. ಬಲೆ ಹುಡುಕುವಷ್ಟರಲ್ಲಿ ಅವು ಒಂಬತ್ತಾದವು. ಕೊನೆಗೆ ಅಡುಗೆಮನೆಗೆ ಓಡಿ, ಕೈಗೆ ಸಿಕ್ಕಿದ ಸೌಟಿನಿಂದ ಒಂದೊಂದನ್ನೇ ಮೊಗೆದು ಡಬ್ಬಿಗೆ ಹಾಕಿದೆ. ಹಿಂದೆ ನಿಂತಿದ್ದ ಹೆಂಡತಿ ಏನೂ ಅನ್ನಲಿಲ್ಲ. ಮರುದಿನ ಆ ಸೌಟು ಅಕ್ವೇರಿಯಂ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಅಡುಗೆಮನೆಗೆ ಹೊಸದು ಬಂದಿತ್ತು.