ತಿಹಾರ್‌ನ ಬಿಸ್ಕತ್ತಿಗೆ ಸಿಕ್ಕ ಪ್ರಚಾರ

ದೆಹಲಿಯಲ್ಲಿ ನೆಲೆಸಿದ ಕನ್ನಡಿಗರಿಗೆ ತಿಹಾರ್ ಜೈಲು ಊರಾಚೆಯ ಸಂಗತಿಯಲ್ಲ; ಜನಕಪುರಿ, ಹರಿನಗರಗಳ ಜನವಸತಿ ಅದರ ಗೋಡೆಗೆ ತಾಗಿಕೊಂಡಂತೆಯೇ ಇದೆ. ಬೆಂಗಳೂರು ಬೇರೆ ದಾರಿ ಹಿಡಿಯಿತು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರನ್ನು ಇರಿಸಿದ್ದ ಹಳೆಯ ಸೆಂಟ್ರಲ್ ಜೈಲನ್ನು ತೆರವುಗೊಳಿಸಿ, ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿ, ಆ ಜಾಗದಲ್ಲಿ ಫ್ರೀಡಂ ಪಾರ್ಕ್ ಮಾಡಿತು. ಮುಲಾಕಾತ್‌ಗೆ, ಅಂದರೆ ಕೈದಿಯ ಭೇಟಿಗೆ, ಬರುವ ಹೆಂಡತಿ ಮಕ್ಕಳ ದೃಷ್ಟಿಯಿಂದ ದೆಹಲಿಯ ಕ್ರಮವೇ ಮೇಲು.

1950ರ ದಶಕದಲ್ಲಿ ಆರಂಭವಾದ ತಿಹಾರ್, 1966ರಲ್ಲಿ ಪಂಜಾಬಿನಿಂದ ದೆಹಲಿಯ ಆಡಳಿತಕ್ಕೆ ಬಂತು. ಈಗ ಅದು ಒಂದೇ ಆವರಣದೊಳಗಿನ ಒಂಬತ್ತು ಜೈಲುಗಳ ಸಮುಚ್ಚಯ. ಆರನೆಯದು ಮಹಿಳೆಯರದು, ಎರಡನೆಯದು ಮುಖ್ಯವಾಗಿ ಶಿಕ್ಷೆಗೊಳಗಾದವರದು. ಉಳಿದ ಹಲವು ಜೈಲುಗಳಿಗೆ ವಿಚಾರಣಾಧೀನರನ್ನು ಅವರ ಹೆಸರಿನ ಮೊದಲ ಅಕ್ಷರದ ಆಧಾರದ ಮೇಲೆ ಹಂಚುವ ಪದ್ಧತಿ ಬೆಳೆದುಬಂದಿದೆ. ಅಪರಾಧಕ್ಕಿಂತ ಅಕ್ಷರ ಮುಖ್ಯವಾಗುವ ಈ ಏರ್ಪಾಡು ವಿಚಿತ್ರವೆನಿಸಿದರೂ, ಗುಂಪುಗಾರಿಕೆಗೂ ಶಿಫಾರಸಿಗೂ ಅವಕಾಶ ಕಡಿಮೆ ಮಾಡುವುದರಿಂದ ನನಗೆ ಒಪ್ಪಿಗೆಯಾಗಿದೆ. ಬೆಳಿಗ್ಗೆ ಬೀಗ ತೆರೆದು ತಲೆ ಎಣಿಸುವುದು, ನ್ಯಾಯಾಲಯದ ತಾರೀಖು ಇದ್ದವರನ್ನು ವ್ಯಾನಿಗೆ ಹತ್ತಿಸುವುದು, ಸಂಜೆ ಮತ್ತೆ ಎಣಿಸಿ ಬೀಗ ಹಾಕುವುದು: ದಿನಚರಿಯ ಚೌಕಟ್ಟು ಇಷ್ಟೇ.

ಆದರೆ ತಿಹಾರ್ ಹೆಸರಾಗಿರುವುದು ಬೇರೆ ಕಾರಣಗಳಿಗೆ. ಪೊಲೀಸ್ ಅಧಿಕಾರಿ ಕಿರಣ್ ಬೇಡಿಯವರು ಜೈಲುಗಳ ಮುಖ್ಯಸ್ಥೆಯಾಗಿದ್ದ ಅವಧಿಯಲ್ಲಿ, 1994ರಲ್ಲಿ, ಸುಮಾರು ಸಾವಿರ ಕೈದಿಗಳು ಒಟ್ಟಿಗೆ ವಿಪಶ್ಯನ ಧ್ಯಾನ ಶಿಬಿರದಲ್ಲಿ ಕುಳಿತರು; ಜೈಲಿನ ಬೇಕರಿಯ ಬ್ರೆಡ್ಡು, ಬಿಸ್ಕತ್ತುಗಳು 'ಟಿಜೆಸ್' ಎಂಬ ಹೆಸರಿನಲ್ಲಿ ಮಾರಾಟವಾಗುತ್ತವೆ. ನಮ್ಮ ಕಡೆ ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಕೈದಿಗಳಿಂದ ನಾಟಕ ಆಡಿಸಿದರು. ಮಾರುಕಟ್ಟೆಗಿಂತ ರಂಗಭೂಮಿಯನ್ನು ಆರಿಸಿಕೊಂಡದ್ದು ಕರ್ನಾಟಕದ ಸ್ವಭಾವಕ್ಕೆ ತಕ್ಕುದೇ (ಇಲ್ಲಿ ನನ್ನ ಪಕ್ಷಪಾತವೂ ಇದ್ದೀತು).

ಎರಡೂ ಕಡೆ ಈ ಪ್ರಚಾರದ ಹಿಂದೆ ಮರೆಯಾಗುವವರು ವಿಚಾರಣಾಧೀನರು. ದೆಹಲಿಯ ಜೈಲುಗಳಲ್ಲೂ ಕರ್ನಾಟಕದ ಜೈಲುಗಳಲ್ಲೂ ಅವರದೇ ಬಹುಸಂಖ್ಯೆ. ಜೈಲಿನ ಕಾರ್ಖಾನೆಗಳು ಮುಖ್ಯವಾಗಿ ನಡೆಯುವುದು ಶಿಕ್ಷೆಗೊಳಗಾದವರ ದುಡಿಮೆಯಿಂದ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ವಿಧಿಯ ಪ್ರಕಾರ, ಮರಣದಂಡನೆ ಅಥವಾ ಜೀವಾವಧಿಯಂತಹ ಆರೋಪಗಳನ್ನು ಬಿಟ್ಟರೆ, ಹಿಂದೆ ಶಿಕ್ಷೆಯಾಗಿರದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲ ಒಳಗಿದ್ದರೆ ಬಾಂಡ್ ಮೇಲೆ ಬಿಡುಗಡೆಗೆ ಅರ್ಹರು. ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸುವ ಹೊಣೆ ಜೈಲು ಸೂಪರಿಂಟೆಂಡೆಂಟರದು. ಅಂತಹ ಅರ್ಜಿಗಳ ಸಂಖ್ಯೆಯನ್ನು ತಿಹಾರ್ ಮತ್ತು ಪರಪ್ಪನ ಅಗ್ರಹಾರ ಎರಡೂ ಪ್ರತಿ ತಿಂಗಳು ಹೆಬ್ಬಾಗಿಲಿನಲ್ಲೇ ಪ್ರಕಟಿಸಬೇಕು.